ಮೂತಿ ಮುರಿದ ಚೀನಾ ಟೀಪಾಟು: ರಿಪೇರಿಯ ಮೇಲೊಂದು ರಿಪೇರಿ

ಬಿಸ್ಕತ್ತಿನ ತಗಡಿನ ಡಬ್ಬಿಯೊಳಗೆ, ಹಳೇ ಗುಜರಾತಿ ಪೇಪರಿನಲ್ಲಿ ಸುತ್ತಿಕೊಂಡು ಬಂತು ಈ ಟೀಪಾಟು. ನಾವಿರುವುದು ಮುಂಬೈಯ ಮಾಟುಂಗಾದಲ್ಲಿ. ನಡೆದುಕೊಂಡೇ ಹೋದರೆ ದಾದರ್ ಪಾರ್ಸಿ ಕಾಲೊನಿ. ಅಲ್ಲಿನ ಆಂಟಿಯೊಬ್ಬರಿಗೆ ನಾನು ಒಡೆದ ಪಿಂಗಾಣಿ ಜೋಡಿಸುತ್ತೇನೆ ಅನ್ನೋದು ಹೇಗೋ ಗೊತ್ತಾಗಿದೆ. "ಡಿಕ್ರಾ, ಚಹಾ ಬಗ್ಗಿಸೋಕೆ ಬೇಡ. ಶೋಕೇಸಿನಲ್ಲಿ ಮರ್ಯಾದೆಯಾಗಿ ನಿಂತರೆ ಸಾಕು" ಅಂದರು. ಡಿಕ್ರಾ ಅಂದರೆ ಅವರ ಗುಜರಾತಿಯಲ್ಲಿ ಮಗನೇ ಅಂತ. ಹಾಗೆ ಕರೆದ ಮೇಲೆ ಇಲ್ಲ ಅನ್ನೋದು ಹೇಗೆ?

ಬಿಚ್ಚಿ ನೋಡಿದಾಗ ಸ್ವಲ್ಪ ಹೆದರಿಕೆಯೇ ಆಯಿತು. ಮೂತಿ ಮುರಿದಿತ್ತು. ಯಾರೋ ಎರಡು ಟ್ಯೂಬಿನ ಗಮ್ಮು ಕಲಸಿ ಮೆತ್ತಿದ್ದರು. ಆ ಗಮ್ಮು ಹಳದಿಯಾಗಿ, ಹಲಸಿನ ಮೇಣದ ಹಾಗೆ ಕೆಳಗೆ ಇಳಿದು ಗಟ್ಟಿಯಾಗಿತ್ತು. ಅದರ ಸುತ್ತ ಒಂದು ಹಸಿರು ಬಣ್ಣ, ಗೇಟಿಗೆ ಬಳಿಯುವಂಥದ್ದು. ಮುಚ್ಚಳ ಎರಡು ಹೋಳಾಗಿ ಅಂಟಿಸಿದ್ದು, ಮೇಲಿನ ಗುಂಡು ಇಲ್ಲವೇ ಇಲ್ಲ. ಬಾಯಿಯಿಂದ ಹೊಟ್ಟೆಯವರೆಗೆ ಒಂದು ಉದ್ದ ಸೀಳು. ಆ ಸೀಳಿನ ಮೇಲೆ ಅಡ್ಡಡ್ಡವಾಗಿ ಐದು ಹಿತ್ತಾಳೆ ಕೊಂಡಿಗಳು, ಸ್ಟೇಪ್ಲರ್ ಪಿನ್ನು ಹೊಡೆದ ಹಾಗೆ.

ನಂದು ಹವ್ಯಾಸ ಅಷ್ಟೇ. ಇದಕ್ಕೆ ಮುಂಚೆ ಮಾಡಿದ್ದು ಉಪ್ಪಿನಕಾಯಿ ಭರಣಿ, ಬಸಿ, ಒಂದೆರಡು ಹೂದಾನಿ. ಎನಾಮಲ್, ಅಂದರೆ ಸುಟ್ಟು ಕೂರಿಸುವ ಗಾಜಿನ ಬಣ್ಣ, ಬರೆದ ಹಳೇ ಚೀನಾ ಸಾಮಾನಿಗೆ ಕೈ ಹಾಕಿದ್ದು ಇದೇ ಮೊದಲು. ಸರಿಯಾಗಿ ಎಂಟು ವಾರ ಹಿಡಿಯಿತು. ಅದರಲ್ಲಿ ನಾನು ಹೊಸದಾಗಿ ಮಾಡಿದ ಕೆಲಸ ಕಮ್ಮಿ. ಜಾಸ್ತಿ ಹೊತ್ತು ಹೋಗಿದ್ದು ಹಿಂದಿನವರು ಮಾಡಿದ್ದನ್ನು ಬಿಚ್ಚೋದರಲ್ಲಿ.

ಮೊದಲ ವಾರ: ಸುಮ್ನೆ ನೋಡಿದ್ದು

ಪಾಟು ಸಣ್ಣ ಡೋಲಿನ ಆಕಾರ, ಎತ್ತರ 14 ಸೆಂಟಿಮೀಟರ್. ಮೇಲೆ ನಾಲ್ಕು ಕಿವಿ, ಅದಕ್ಕೆ ಬೆತ್ತ ಸುತ್ತಿದ ಜೋಡಿ ತಂತಿಯ ಹಿಡಿ. ಮೈಮೇಲೆಲ್ಲ ಹಸಿರು ಬಳ್ಳಿ, ಅದರೊಳಗೆ ಗುಲಾಬಿ ಪಿಯೋನಿ ಹೂ, ಚಿಟ್ಟೆ, ಹಕ್ಕಿ. ನಡುನಡುವೆ ಚೌಕಟ್ಟು. ಒಂದು ಚೌಕಟ್ಟಿನಲ್ಲಿ ಜಗಲಿಯ ಮೇಲೆ ಕೂತ ಹೆಂಗಸರು, ಇನ್ನೊಂದರಲ್ಲಿ ಹೂವು ಹಕ್ಕಿ. ಸಂಗ್ರಹಕಾರರು ಇದನ್ನು ರೋಸ್ ಮೆಡಾಲಿಯನ್ ಅನ್ನುತ್ತಾರೆ. 19ನೇ ಶತಮಾನದಲ್ಲಿ ಕ್ಯಾಂಟನ್‌ನಿಂದ, ಅಂದರೆ ಈಗಿನ ಗುವಾಂಗ್‌ಝೌನಿಂದ, ಹಡಗುಗಟ್ಟಲೆ ಹೊರಗೆ ಹೋದ ಸಾಮಾನು ಇದು. ಅರಮನೆಯದ್ದಲ್ಲ, ರಫ್ತಿನ ಮಾಲು. ಅದಕ್ಕೇ ನನ್ನಂಥವನ ಕೈಗೂ ಬರುತ್ತದೆ.

ತಳದಲ್ಲಿ ಯಾವ ಗುರುತೂ ಇಲ್ಲ. ಅಮೆರಿಕದ ಸುಂಕದ ಕಾನೂನಿನಿಂದಾಗಿ 1891ರಿಂದ ಆ ದೇಶಕ್ಕೆ ಹೋಗುವ ಸಾಮಾನಿನ ಮೇಲೆ ದೇಶದ ಹೆಸರು ಬರೆಯಬೇಕಾಯಿತು. ಹಾಗಾಗಿ ಇಂಗ್ಲಿಷಿನಲ್ಲಿ ಚೀನಾ ಅಂತ ಇದ್ದರೆ ಅದರ ನಂತರದ್ದು ಅನ್ನಬಹುದು. ಇಲ್ಲದಿದ್ದರೆ ಅದಕ್ಕೂ ಹಳೆಯದು ಅಂತ ಖಂಡಿತವಾಗಿ ಹೇಳುವ ಹಾಗಿಲ್ಲ, ಬೊಂಬಾಯಿಗೆ ಬಂದ ಮಾಲಿಗೆ ಅಮೆರಿಕದ ಕಾನೂನು ಯಾಕೆ? ನಾನು ನಂಬಿದ್ದು ಬೆರಳನ್ನು. ಕಣ್ಣು ಮುಚ್ಚಿ ಸವರಿದರೆ ಪ್ರತಿ ಎಸಳೂ ಕೈಗೆ ಸಿಗುತ್ತದೆ. ಎನಾಮಲ್ ಪಿಂಗಾಣಿಯ ಗಾಜಿನಂಥ ಮೆರುಗಿನ ಮೇಲೆ ಉಬ್ಬಿ ಕೂತಿದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಹಸಿರಿನ ಸುತ್ತ ಕಾಮನಬಿಲ್ಲಿನ ಹೊಗೆ ಕಾಣುತ್ತದೆ, ಮಳೆಗಾಲದಲ್ಲಿ ರಸ್ತೆಯ ನೀರಿನ ಮೇಲೆ ಪೆಟ್ರೋಲ್ ಹರಡಿದ ಹಾಗೆ. ಸೀಸ ಇರುವ ಹಳೇ ಎನಾಮಲ್‌ನ ಲಕ್ಷಣ ಅದು.

ಇದರ ಮೈ ಮಾಡಿದ್ದು ಒಂದೂರು, ಬಣ್ಣ ಬರೆದದ್ದು ಇನ್ನೊಂದೂರು. ಜಿಯಾಂಗ್ಸಿ ಪ್ರಾಂತ್ಯದ ಜಿಂಗ್‌ಡೆಝೆನ್‌ನಲ್ಲಿ 1300 ಡಿಗ್ರಿ ಆಸುಪಾಸಿನ ಬೆಂಕಿಯಲ್ಲಿ ಬಿಳಿ ಪಾತ್ರೆ ಸುಡುತ್ತಿದ್ದರು. ಕೇಯೋಲಿನ್ ಅನ್ನುವ ಮಣ್ಣಿನ ಹೆಸರು ಬಂದದ್ದೇ ಆ ಊರಿನ ಹತ್ತಿರದ ಗಾವ್‌ಲಿಂಗ್ ಗುಡ್ಡದಿಂದ. ಆ ಖಾಲಿ ಪಾತ್ರೆಗಳು ನದಿ, ಘಟ್ಟ ದಾಟಿ ಕ್ಯಾಂಟನ್‌ಗೆ ಬರುತ್ತಿದ್ದವು. ಅಲ್ಲಿ ಬಣ್ಣ ಬರೆದು, ಸಣ್ಣ ಗೂಡಿನಲ್ಲಿ 700-800 ಡಿಗ್ರಿಯಲ್ಲಿ ಮತ್ತೊಮ್ಮೆ ಸುಡುವುದು. 1769ರಲ್ಲಿ ವಿಲಿಯಂ ಹಿಕಿ ಅನ್ನುವ ಇಂಗ್ಲಿಷಿನವನು ಅಂಥ ಒಂದು ಕಾರ್ಖಾನೆ ನೋಡಿದ್ದ. ಉದ್ದನೆಯ ಹಜಾರದಲ್ಲಿ ನೂರಕ್ಕೂ ಜಾಸ್ತಿ ಜನ ಕೂತು ಬರೆಯುತ್ತಿದ್ದರಂತೆ, ಹಣ್ಣುಹಣ್ಣು ಮುದುಕರಿಂದ ಆರೇಳು ವರ್ಷದ ಮಕ್ಕಳವರೆಗೆ.

ಭೂತಗನ್ನಡಿ ಹಿಡಿದರೆ ಇದು ನಿಜ ಅನ್ನಿಸುತ್ತದೆ. ಹೆಂಗಸಿನ ಮುಖದ ಗೆರೆ ಕೂದಲಿನಷ್ಟು ಸಣ್ಣ, ಒಂದು ಕಡೆಯೂ ನಡುಗಿಲ್ಲ. ಅವಳ ಸೆರಗಿನ ನೀಲಿ ಮಾತ್ರ ಗೆರೆ ದಾಟಿ ಆಚೆ ಹರಿದಿದೆ. ಗೆರೆ ಎಳೆದವನು ಒಬ್ಬ, ತುಂಬಿದವನು ಇನ್ನೊಬ್ಬ. ತುಂಬಿದವನಿಗೆ ಆ ದಿನ ಬೇರೆ ಏನೋ ಯೋಚನೆ ಇತ್ತು ಅಂತ ಕಾಣುತ್ತೆ.

ಈ ಮನೆಗೆ ಅದು ಬಂದದ್ದು ಹೇಗೆ ಅಂತ ಆಂಟಿಗೂ ಗೊತ್ತಿಲ್ಲ, "ಮೊದಲಿಂದ ಇತ್ತು" ಅಷ್ಟೇ. ಆದರೆ ಬೊಂಬಾಯಿಯ ಪಾರ್ಸಿ ವ್ಯಾಪಾರಿಗಳು 18ನೇ ಶತಮಾನದಿಂದಲೇ ಕ್ಯಾಂಟನ್‌ಗೆ ಹೋಗಿ ಬರುತ್ತಿದ್ದರು. ಹತ್ತಿ, ಅಫೀಮು ಅಲ್ಲಿಗೆ; ಚಹಾ, ರೇಷ್ಮೆ, ಪಿಂಗಾಣಿ ಇಲ್ಲಿಗೆ. ಜಮ್ಸೆಟ್‌ಜಿ ಜೀಜೀಭಾಯ್ ಗಳಿಸಿದ್ದು ಈ ವ್ಯಾಪಾರದಲ್ಲೇ. ಪಾರ್ಸಿ ಹೆಂಗಸರ ಗಾರಾ ಸೀರೆಯ ಕಸೂತಿ ಬಂದದ್ದೂ ಅದೇ ಹಡಗಿನ ದಾರಿಯಲ್ಲಿ.

ಟಾರ್ಚು ಹೇಳಿದ ಕಥೆ

ಮಡಕೆ ಕೊಳ್ಳುವಾಗ ಬಡಿದು ನೋಡುತ್ತೇವಲ್ಲ, ಹಾಗೇ ಬೆರಳ ಗೆಣ್ಣಿನಿಂದ ಮೆಲ್ಲಗೆ ಬಡಿದೆ. ಸೀಳಿಲ್ಲದ ಕಡೆ ಬಡಿದರೂ ಠಣ್ ಅನ್ನಲಿಲ್ಲ, ಟಪ್ ಅಂತು. ಅಂದರೆ ಸೀಳು ಆರಪಾರ ಇದೆ.

ಆಮೇಲೆ ಕೋಣೆ ಕತ್ತಲು ಮಾಡಿ, ನೋಟು ಪರೀಕ್ಷೆ ಮಾಡುವ ಯುವಿ ಟಾರ್ಚು ಹಾಕಿದೆ. ನೂರಿನ್ನೂರು ರೂಪಾಯಿಯ ಈ ಟಾರ್ಚಿಗಿಂತ ಒಳ್ಳೇ ಉಪಕರಣ ನನ್ನ ಪೆಟ್ಟಿಗೆಯಲ್ಲಿಲ್ಲ. ಮುಚ್ಚಳದ ಜೋಡಣೆ ಕಿತ್ತಳೆ ಬಣ್ಣಕ್ಕೆ ಹೊಳೆಯಿತು. ಅದು ಅರಗು. ಮೂತಿಯ ಸುತ್ತ ನೀಲಿ ಬಿಳುಪು. ಅದು ಎಪಾಕ್ಸಿ, ಎರಡು ಟ್ಯೂಬಿನ ಗಮ್ಮು. ಗೇಟಿನ ಹಸಿರು ಹಾಕಿದ ಜಾಗ ಮಸಿ ಬಳಿದ ಹಾಗೆ ಸತ್ತು ಕೂತಿತ್ತು. ಆ ಬಣ್ಣ ಮೂತಿಯ ಬುಡದಿಂದ ಎರಡು ಬೆರಳಗಲ ಆಚೆಗೂ ಹರಡಿತ್ತು. ಒಡೆದದ್ದು ಇಷ್ಟು, ಬಳಿದದ್ದು ಅಷ್ಟು. ಅಡಿಯಲ್ಲಿ ಏನೋ ಇರಬೇಕು ಅನ್ನಿಸಿತು.

ಕೊಂಡಿ, ಅರಗು, ಎಪಾಕ್ಸಿ. ಬೇರೆ ಬೇರೆ ಕಾಲದಲ್ಲಿ ಮೂರು ಸಲ ಇದನ್ನು ಯಾರೋ ಉಳಿಸಿಕೊಂಡಿದ್ದಾರೆ. ಆ ಮನೆಯವರಿಗೆ ಇದರ ಮೇಲೆ ಪ್ರೀತಿ ಇತ್ತು ಅನ್ನೋದರಲ್ಲಿ ಅನುಮಾನವಿಲ್ಲ. ಮೂರನೆಯವರಿಗೆ ತಾಳ್ಮೆ ಮಾತ್ರ ಇರಲಿಲ್ಲ.

ಕೊಂಡಿಗಳಿಗೆ ಕೈ ಹಚ್ಚಲಿಲ್ಲ

ಕೊಂಡಿ ತೆಗೆದು ಎಪಾಕ್ಸಿ ತುಂಬಿ ಸೀಳು ಕಾಣದ ಹಾಗೆ ಮಾಡಬಹುದಿತ್ತು. ಎರಡು ದಿನ ಅದೇ ಯೋಚನೆ. ಆಮೇಲೆ ಕೊಂಡಿಯನ್ನೇ ಸರಿಯಾಗಿ ನೋಡಿದೆ.

ಚೀನಾದಲ್ಲಿ ಊರೂರು ಸುತ್ತಿ ಪಿಂಗಾಣಿಗೆ ಕೊಂಡಿ ಹಾಕುವ ಕಸುಬಿನವರಿದ್ದರು. ಬಿಲ್ಲಿನ ಹಾಗೆ ದಾರ ಕಟ್ಟಿದ ಕೈ ಬೈರಿಗೆ, ಅದರ ತುದಿಗೆ ವಜ್ರದ ಚೂರು. ವಜ್ರದ ಬೈರಿಗೆ ಇಲ್ಲದವನು ಪಿಂಗಾಣಿ ಕೆಲಸ ಒಪ್ಪಿಕೊಳ್ಳಬೇಡ ಅಂತ ಚೀನೀ ಗಾದೆಯೇ ಇದೆ. ಸೀಳಿನ ಎರಡೂ ಕಡೆ ಒಂದೊಂದು ತೂತು, ಆರಪಾರ ಅಲ್ಲ, ಗೋಡೆಯ ಅರ್ಧ ದಪ್ಪಕ್ಕೆ. ತೂತು ಒಳಮುಖವಾಗಿ ಸ್ವಲ್ಪ ವಾಲಿರುತ್ತದೆ. ಕೊಂಡಿಯ ಕಾಲುಗಳ ನಡುವಿನ ಅಂತರ ತೂತುಗಳ ಅಂತರಕ್ಕಿಂತ ಕೂದಲೆಳೆಯಷ್ಟು ಕಮ್ಮಿ. ತಟ್ಟಿ ಕೂರಿಸಿದಾಗ ಅದು ಎರಡೂ ಕಡೆಯನ್ನು ಎಳೆದು ಹಿಡಿಯುತ್ತದೆ. ಗಮ್ಮೇ ಇಲ್ಲ.

ಈ ಗೋಡೆಯ ದಪ್ಪ ಅಳೆದೆ, 3 ಮಿಲಿಮೀಟರ್. ಅದರಲ್ಲಿ ಅರ್ಧಕ್ಕೆ ಸರಿಯಾಗಿ ನಿಲ್ಲಿಸಿ ಹತ್ತು ತೂತು ಕೊರೆದಿದ್ದಾನೆ, ಒಂದೂ ತಪ್ಪಿಲ್ಲ. ಹೂವಿನ ಮೇಲೆ ಕೊಂಡಿ ಬೀಳದ ಹಾಗೆ ಜಾಗ ನೋಡಿಕೊಂಡಿದ್ದಾನೆ. ಚೀನಾದಲ್ಲಿ ಹಾಕಿದ್ದೋ ಬೊಂಬಾಯಿಯಲ್ಲಿ ಹಾಕಿದ್ದೋ, ಹಾಕಿದವನ ಕೈ ನನ್ನ ಕೈಗಿಂತ ಮೇಲು. ಐದೂ ಕೊಂಡಿ ಬಿಗಿಯಾಗಿವೆ. ಅದನ್ನು ಕೀಳೋಕೆ ನಾನ್ಯಾರು?

ಎಪಾಕ್ಸಿ ಬಿಡಿಸಿದ್ದು

ಸೀಳಿರುವ ಪಾತ್ರೆಯನ್ನು ಕುದಿಯುವ ನೀರಿಗೆ ಹಾಕುವ ಹಾಗಿಲ್ಲ. ಹಾಗಾಗಿ ಅಸಿಟೋನ್, ನೇಲ್ ಪಾಲಿಶ್ ತೆಗೆಯೋಕೆ ಬಳಸುವ ದ್ರವ. ಗಟ್ಟಿಯಾದ ಎಪಾಕ್ಸಿ ಅದರಲ್ಲಿ ಕರಗುವುದಿಲ್ಲ, ಉಬ್ಬಿ ಮೆತ್ತಗಾಗುತ್ತದೆ. ಹತ್ತಿಯನ್ನು ಅಸಿಟೋನ್‌ನಲ್ಲಿ ಅದ್ದಿ ಮೂತಿಗೆ ಸುತ್ತಿ, ಮೇಲೆ ಅಲ್ಯೂಮಿನಿಯಂ ಫಾಯಿಲ್ ಬಿಗಿದು, ಬಾಲ್ಕನಿಯಲ್ಲಿಟ್ಟೆ. ಗಾಳಿ ಬೇಕು, ಗ್ಯಾಸ್ ಒಲೆ ದೂರ ಇರಬೇಕು.

ಇಲ್ಲೊಂದು ಪೆದ್ದತನ ಮಾಡಿದೆ. ಅಲುಗಾಡದಿರಲಿ ಅಂತ ಪಾಟನ್ನು ಥರ್ಮೊಕೋಲ್ ತುಂಡಿನ ಮೇಲೆ ಕೂರಿಸಿದ್ದೆ. ಅಸಿಟೋನ್ ತೊಟ್ಟಿಕ್ಕಿ ಥರ್ಮೊಕೋಲ್ ಕರಗಿ ಅಂಟುಪಾಯಸ. ಬೆಳಿಗ್ಗೆ ನೋಡಿದರೆ ಪಾಟಿನ ತಳಕ್ಕೆ ಹೊಸ ಗಮ್ಮು! ಅದೃಷ್ಟಕ್ಕೆ ಅಸಿಟೋನ್‌ನಲ್ಲೇ ಒರೆಸಿದಾಗ ಹೋಯಿತು. ಆಮೇಲೆ ಹಳೇ ಟವೆಲ್ ಸಿಂಬಿ ಮಾಡಿ ಕೂರಿಸಿದೆ. ಕೊಡ ಹೊರುವವರಿಗೆ ಎಂದೋ ಗೊತ್ತಿದ್ದ ಉಪಾಯ.

ದಿನಾ ಹತ್ತಿ ಬದಲಿಸುವುದು, ಸ್ಕಾಲ್‌ಪೆಲ್‌ನಲ್ಲಿ ಉಗುರಿನಷ್ಟು ಗಮ್ಮು ಕೆತ್ತುವುದು. ಬ್ಲೇಡು ಮೆರುಗಿಗೆ ಮಲಗಿಸಿ ಹಿಡಿಯಬೇಕು, ಎನಾಮಲ್ ಹತ್ತಿರ ಬಂದರೆ ಬ್ಲೇಡು ಬಿಟ್ಟು ಬಿದಿರು ಕಡ್ಡಿ. ಎನಾಮಲ್ ಮೆರುಗಿಗಿಂತ ಮೆದು, ಗೀರು ಬೀಳುತ್ತದೆ. ಒಂಬತ್ತನೇ ದಿನ ಮೂತಿ ಕೈಗೆ ಬಂತು. ಎರಡು ದೊಡ್ಡ ತುಂಡು, ನಡುವೆ ಬೆಣೆಯಂಥ ಒಂದು ಚೂರು.

ಹಸಿರು ಬಣ್ಣ ಮಾತ್ರ ಮೊದಲ ದಿನವೇ ಹತ್ತಿಗೆ ಬಂದಿತ್ತು. ಅದರಡಿಯಲ್ಲಿ ಇಡೀ ಒಂದು ಚಿಟ್ಟೆ. ಹಳದಿ ರೆಕ್ಕೆ, ಗುಲಾಬಿ ಚುಕ್ಕೆ, ಕಪ್ಪು ಮೀಸೆ ಎರಡೂ ಸರಿಯಾಗಿವೆ. ಚಕ್ಕೆ ಕೂಡ ಎದ್ದಿಲ್ಲ. ಗಮ್ಮಿನ ಕಲೆ ಮುಚ್ಚೋಕೆ ಹೋಗಿ ಚಿಟ್ಟೆಯ ಮೇಲೆ ಗೇಟಿನ ಪೇಂಟು ಬಳಿದಿದ್ದರು. ಆ ರಾತ್ರಿ ಮನೆಯವರನ್ನೆಲ್ಲ ಕರೆದು ತೋರಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, "ಚೆನ್ನಾಗಿದೆ ಕಣೋ, ಹುಣಸೆಹಣ್ಣು ಹಚ್ಚಿ ತಿಕ್ಕು, ಪಳಪಳ ಆಗುತ್ತೆ" ಅಂದರು. ಹಿತ್ತಾಳೆ ಕೊಂಡಿ ಕಂಡು ಹಾಗೆ ಹೇಳಿದ್ದು. ಹುಣಸೆಹಣ್ಣು, ನಿಂಬೆ, ವಿನೆಗರ್ ಯಾವುದೂ ಇದರ ಹತ್ತಿರ ಸುಳಿಯಬಾರದು. ಸೀಸದ ಎನಾಮಲ್‌ನ ಹೊಳಪನ್ನು ಹುಳಿ ತಿಂದುಬಿಡುತ್ತದೆ. ಸೀಸವೂ ಕರಗಿ ಬರುತ್ತದೆ, ಅದು ವಿಷ. ಅದೇ ಕಾರಣಕ್ಕೆ ಇಂಥ ಹಳೇ ಪಾತ್ರೆಯಲ್ಲಿ ಊಟ, ಪಾನಕ ಬೇಡವೇ ಬೇಡ.

ಮುಚ್ಚಳದ ಅರಗಿಗೆ ಕಷ್ಟವಿರಲಿಲ್ಲ. ಸ್ಪಿರಿಟ್ ಹಚ್ಚಿದ ಹತ್ತಿ, ಒಂದು ಗಂಟೆ, ಎರಡು ಹೋಳು.

ಸೀಳಿನ ಕಂದು ಗೆರೆ

ಚಹಾ ಕುಡಿದು ಕುಡಿದು ಸೀಳು ಕಂದಾಗಿತ್ತು. ಬ್ಲೀಚಿಂಗ್ ಪೌಡರ್ ಮುಟ್ಟಬೇಡಿ, ಅಂಚಿನ ಚಿನ್ನದ ಗೆರೆಗೂ ಕೆಡುಕು, ಉಪ್ಪು ಒಳಗೆ ಉಳಿದು ಮುಂದೆ ಕಾಡುತ್ತದೆ. ಮೆಡಿಕಲ್ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ ಸಾಕು. ಮೊದಲು ಪಾಟನ್ನು ಡಿಸ್ಟಿಲ್ಡ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿದೆ. ಒಣಗಿದ ಸೀಳಿಗೆ ನೇರ ಹಾಕಿದರೆ ಕಲೆ ಇನ್ನೂ ಒಳಕ್ಕೆ ಇಳಿಯುತ್ತದೆ. ಆಮೇಲೆ ಹತ್ತಿಯ ಸಣ್ಣ ಬತ್ತಿ ಪೆರಾಕ್ಸೈಡ್‌ನಲ್ಲಿ ಅದ್ದಿ ಸೀಳಿನುದ್ದಕ್ಕೂ ಮಲಗಿಸಿದೆ, ಕೊಂಡಿ ಇದ್ದಲ್ಲಿ ಬಿಟ್ಟು. ತಾಮ್ರದ ಅಂಶ ತಾಗಿದರೆ ಪೆರಾಕ್ಸೈಡ್ ನೊರೆಯೆದ್ದು ಹಾಳಾಗುತ್ತದೆ. ನಾಲ್ಕು ಸಲ ಬತ್ತಿ ಬದಲಿಸಿದ ಮೇಲೆ ಕಂದು ಹೋಗಿ ತೆಳು ಬೂದು ಉಳಿಯಿತು. ಸಾಕು ಅಂತ ನಿಲ್ಲಿಸಿದೆ.

ಜೋಡಣೆ, ಮತ್ತು ನಾನು ಕಳೆದ ಚಿನ್ನ

ಗಮ್ಮಿಲ್ಲದೆ ಜೋಡಿಸಿ ನೋಡುವುದು ಮೊದಲು. ದೊಡ್ಡ ತುಂಡೆರಡನ್ನೂ ಕೂರಿಸಿ ಖುಷಿಪಟ್ಟೆ, ಬೆಣೆ ಚೂರು ಒಳಗೆ ಹೋಗಲೇ ಇಲ್ಲ. ದಾರಿಯೇ ಮುಚ್ಚಿತ್ತು. ಬಿಚ್ಚಿ, ಮೊದಲು ಬೆಣೆಯನ್ನು ಕೆಳಗಿನ ತುಂಡಿಗೆ, ಆಮೇಲೆ ತುದಿ ಅಂತ ಕ್ರಮ ಬದಲಿಸಿದೆ. ಪ್ರತಿ ತುಂಡಿಗೂ ಪೆನ್ಸಿಲ್‌ನಲ್ಲಿ ನಂಬರು. ಗಮ್ಮು ಹಾಕಿದ ಮೇಲೆ ಇದು ಗೊತ್ತಾಗಿದ್ದರೆ ಮತ್ತೆ ಒಂಬತ್ತು ದಿನ ಅಸಿಟೋನ್.

ಮುಚ್ಚಳಕ್ಕೆ ಪ್ಯಾರಾಲಾಯ್ಡ್ ಬಿ-72 ಹಾಕಿದೆ. ಮ್ಯೂಸಿಯಂನವರು ಬಳಸುವ ಅಕ್ರಿಲಿಕ್ ಅದು, ಯಾವಾಗ ಬೇಕಾದರೂ ಅಸಿಟೋನ್‌ನಲ್ಲಿ ಬಿಚ್ಚಬಹುದು. ಮೂತಿಗೆ ಅದು ಬೇಡ ಅನ್ನಿಸಿತು. 40 ಡಿಗ್ರಿ ಹತ್ತಿರಕ್ಕೆ ಮೆತ್ತಗಾಗುವ ವಸ್ತು, ಮೇ ತಿಂಗಳ ಬಿಸಿಲು ಬೀಳುವ ಗಾಜಿನ ಶೋಕೇಸು, ಎರಡಕ್ಕೂ ಆಗಿ ಬರುವುದಿಲ್ಲ. ಅಲ್ಲಿಗೆ ನೀರಿನಷ್ಟು ತಿಳಿಯಾದ, ಬೇಗ ಹಳದಿಯಾಗದ ಎಪಾಕ್ಸಿ. ತೂಕದಲ್ಲಿ ಮೂರು ಪಾಲಿಗೆ ಒಂದು ಪಾಲು, ಗಟ್ಟಿಯಾಗೋಕೆ ಒಂದು ವಾರ. ತುಂಡುಗಳನ್ನು ಮೊದಲೇ ಟೇಪಿನಲ್ಲಿ ಬಿಗಿದು, ಸೂಜಿಯ ತುದಿಯಿಂದ ಜೋಡಣೆಯ ಮೇಲೆ ಹನಿ ಮುಟ್ಟಿಸಿದರೆ ಸಾಕು, ದೀಪದ ಬತ್ತಿ ಎಣ್ಣೆ ಕುಡಿದ ಹಾಗೆ ತಾನೇ ಒಳಗೆ ಎಳೆದುಕೊಳ್ಳುತ್ತದೆ. ಅದನ್ನು ನೋಡುವುದೇ ಒಂದು ಚಂದ. ಉಗುರಿನಿಂದ ಅಡ್ಡ ಗೀರಿ ನೋಡಿದೆ, ಎಲ್ಲೂ ತಡೆಯಲಿಲ್ಲ.

ಒಂದು ವಾರ ಕಳೆದು ಟೇಪು ಕಿತ್ತೆ. ಟೇಪಿನ ಜೊತೆ ಮೂತಿಯ ಅಂಚಿನ ಚಿನ್ನದ ಗೆರೆಯೂ ಬಂತು, ಅರ್ಧ ಅಂಗುಲ. ಎನಾಮಲ್ ಗಟ್ಟಿ, ಚಿನ್ನ ಹಾಗಲ್ಲ. ಕಮ್ಮಿ ಬಿಸಿಯಲ್ಲಿ ಸುಟ್ಟು, ನೂರು ವರ್ಷ ಒರೆಸಿ ಸವೆದ ತೆಳು ಪದರ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಟೇಪನ್ನು ಅಂಚಿನವರೆಗೆ ಎಳೆದಿದ್ದೆ. ಹಿಂದಿನವರನ್ನು ಬೈದುಕೊಂಡು ಮೂರು ವಾರ ಕಳೆದವನಿಗೆ ತಕ್ಕ ಶಾಸ್ತಿ. ಆ ಟೇಪಿನ ತುಂಡು ಈಗಲೂ ನನ್ನ ನೋಟ್‌ಬುಕ್ಕಿನಲ್ಲಿದೆ, ಗೆರೆ ಸಮೇತ.

ಗುಂಡು

ಮುಚ್ಚಳದ ಗುಂಡು ಹೇಗಿತ್ತು ಅಂತ ಆಂಟಿಗೆ ನೆನಪಿಲ್ಲ. ಒಂದು ಭಾನುವಾರ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯಕ್ಕೆ ಹೋದೆ. ಜಮ್ಸೆಟ್‌ಜಿ ಟಾಟಾರ ಮಕ್ಕಳಾದ ರತನ್ ಟಾಟಾ ಮತ್ತು ದೊರಾಬ್ ಟಾಟಾ ಸೋದರರು ಕೂಡಿಟ್ಟ ಚೀನಾ, ಜಪಾನಿನ ಪಿಂಗಾಣಿ ಅಲ್ಲಿದೆ. ಜನ ಹೂದಾನಿ ನೋಡುತ್ತಿದ್ದರು, ನಾನು ಬರೀ ಮುಚ್ಚಳ ನೋಡುತ್ತಾ ಓಡಾಡಿದೆ. ಕಾವಲಿನವರಿಗೆ ಅನುಮಾನ ಬಂದಿರಬೇಕು. ಕೊನೆಗೆ ಸಾದಾ ಮೊಗ್ಗಿನ ಆಕಾರ ಆರಿಸಿಕೊಂಡೆ. ಎಪಾಕ್ಸಿಗೆ ಸಿಲಿಕಾ ಪುಡಿ, ಚೂರು ಬಿಳಿ ಬಣ್ಣ ಕಲಸಿ ಹೊರಗೇ ಎರಕ ಹೊಯ್ದು, ವಾಟರ್ ಪೇಪರ್‌ನಲ್ಲಿ ಉಜ್ಜಿ, ಆಮೇಲೆ ಬಿ-72ರಲ್ಲಿ ಅಂಟಿಸಿದೆ. ಮುಚ್ಚಳದ ಮೇಲೇ ಉಜ್ಜಿದ್ದರೆ ಸುತ್ತಲಿನ ಎನಾಮಲ್ ಮಂಕಾಗುತ್ತಿತ್ತು.

ಬಿಳಿ ಅಂದರೆ ಯಾವ ಬಿಳಿ?

ಮತ್ತೆ ಗೂಡಿನಲ್ಲಿ ಸುಡಬಾರದಾ ಅಂತ ಕೇಳುವವರಿದ್ದಾರೆ. ಬಾರದು. ಸೀಳು, ಕೊಂಡಿ, ನೂರು ವರ್ಷದ ತೇವ ಎಲ್ಲ ಸೇರಿ ಚೂರಾಗಿ ಹೊರಬರುತ್ತದೆ. ಹಾಗಾಗಿ ಅಕ್ರಿಲಿಕ್ ಬಣ್ಣ, ತುಂಬಿಸಿದ ಜಾಗದ ಮೇಲೆ ಮಾತ್ರ. ಮೂಲ ಎನಾಮಲ್ ಮೇಲೆ ಒಂದು ಚುಕ್ಕೆಯೂ ಇಲ್ಲ.

ಗುಲಾಬಿ ಕಷ್ಟ ಅಂದುಕೊಂಡಿದ್ದೆ. ಈ ಗುಲಾಬಿಯ ಮೂಲ ಬಂಗಾರ. ಬಂಗಾರವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಮಾಡಿ ಗಾಜಿನಲ್ಲಿ ಸೇರಿಸಿದರೆ ಈ ಬಣ್ಣ ಬರುತ್ತದೆ. ಚೀನಾದಲ್ಲಿ ಅದು ಬಳಕೆಗೆ ಬಂದದ್ದು 1720ರ ಆಸುಪಾಸಿನಲ್ಲಿ. ಎಸಳಿನಡಿ ಅಪಾರದರ್ಶಕ ಬಿಳಿ ಹಾಕಿ, ಅದರ ಮೇಲೆ ಗುಲಾಬಿ ತೇಲಿಸಿ, ಬುಡದಲ್ಲಿ ಗಾಢ ತುದಿಯಲ್ಲಿ ತೆಳು ಮಾಡುತ್ತಾರೆ. ನನಗೆ ಬೇಕಿದ್ದದ್ದು ಅರ್ಧ ಎಸಳು ಮಾತ್ರ, ಎರಡೇ ಸಂಜೆಯಲ್ಲಿ ಆಯಿತು.

ಕಾಡಿದ್ದು ಬಿಳಿ. ಆ ಮೆರುಗು ಬಿಳಿಯಲ್ಲ, ಹಾಲಿಗೆ ನೀರು ಜಾಸ್ತಿಯಾದಾಗ ಅಂಚಿನಲ್ಲಿ ಕಾಣುವ ನೀಲಿ ಹಸಿರು. ರಾತ್ರಿ ಟ್ಯೂಬ್‌ಲೈಟಿನಲ್ಲಿ ಸರಿಹೋಯಿತು ಅಂತ ಮಲಗಿದರೆ, ಬೆಳಿಗ್ಗೆ ಕಿಟಕಿ ಬೆಳಕಿನಲ್ಲಿ ತೇಪೆ ಎದ್ದು ಕಾಣುತ್ತಿತ್ತು. ಏಳು ಸಲ ಒರೆಸಿದೆ. ಕೊನೆಗೆ ಆಂಟಿಯ ಶೋಕೇಸಿನ ಬೆಳಕಿಗೇ ಹೊಂದಿಸೋಣ ಅಂತ ಬಣ್ಣದ ಪೆಟ್ಟಿಗೆ ಹಿಡಿದು ಅವರ ಮನೆಗೇ ಹೋದೆ. ಮಧ್ಯಾಹ್ನ ಪೂರ್ತಿ ಅಲ್ಲಿ ಕೂತು ಬಿಳಿ ಕಲಸಿದೆ. ಆಂಟಿ ಎರಡು ಸಲ ಪುದೀನ ಚಹಾ ಕೊಟ್ಟರು, ಸ್ಟೀಲ್ ಲೋಟದಲ್ಲಿ. ಕಿತ್ತು ಬಂದ ಚಿನ್ನದ ಅಂಚಿಗೆ ತೆಳು ಮೈಕಾ ಪುಡಿ ಹಚ್ಚಿದೆ. ಹತ್ತಿರ ಹೋದರೆ ಗೊತ್ತಾಗುತ್ತದೆ. ಗೊತ್ತಾಗಲಿ.

ಒಪ್ಪಿಸುವ ದಿನ ಚಿಟ್ಟೆ ಇರುವ ಕಡೆ ಮುಂದೆ ಬರುವ ಹಾಗೆ ಶೋಕೇಸಿನಲ್ಲಿಟ್ಟೆ. ಆಂಟಿ ನೋಡಿದರು, ಚಿಟ್ಟೆಯ ಮೇಲೆ ಬೆರಳಿಟ್ಟು "ಇದು ಎಲ್ಲಿತ್ತು?" ಅಂತ ಕೇಳಿದರು. ಪೇಂಟಿನ ಕಥೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಳಿದದ್ದು ನಾನೇ" ಅಂದರು. ಅಡುಗೆಮನೆ ಕಿಟಕಿಗೆ ಬಳಿದು ಉಳಿದ ಡಬ್ಬಿಯಂತೆ. ನನಗೆ ಏನು ಹೇಳಬೇಕೋ ತೋಚಲಿಲ್ಲ. ನನ್ನ ಟೇಪಿನ ಕಥೆ ಹೇಳಿದೆ, ಇಬ್ಬರೂ ನಕ್ಕೆವು. ಆಮೇಲೆ ಅವರೇ ಪಾಟನ್ನು ಅರ್ಧ ಸುತ್ತು ತಿರುಗಿಸಿ, ಕೊಂಡಿಗಳು ಎದುರಿಗೆ ಕಾಣುವ ಹಾಗೆ ಇಟ್ಟರು. ಚಿಕ್ಕಂದಿನಲ್ಲಿ ಅಜ್ಜಿ ಚಹಾ ಹೊಯ್ಯುವಾಗ ಅವರು ಎಣಿಸುತ್ತಿದ್ದದ್ದು ಆ ಐದು ಕೊಂಡಿಗಳನ್ನಂತೆ.

ಹಿಡಿಯ ಬೆತ್ತ ಎರಡು ಕಡೆ ಬಿಚ್ಚಿಕೊಂಡಿದೆ. ಅದನ್ನು ಸುತ್ತಿಕೊಡುವುದು ಬಾಕಿ ಇದೆ. ತೆಳು ಬೆತ್ತ ಹುಡುಕುತ್ತಿದ್ದೇನೆ.